ಷರತ್ತು ಬರೆಯುವ ಮೇಡಂ

ಇಳಕಲ್ ಸೀರೆಯ ಕೆಳಗೆ ಅವರು ಕರಿ ಗಂಬೂಟು ಹಾಕಿಕೊಳ್ಳುತ್ತಿದ್ದರು. ಮಳೆಗಾಲ ಶುರುವಾಯಿತೆಂದರೆ ಮುಗಿಯುವವರೆಗೆ ಅದೇ ವೇಷ. ಸೀರೆಯನ್ನು ಒಂದು ಗೇಣು ಮೇಲಕ್ಕೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಚೇರಿಯ ಮೊಸಾಯಿಕ್ ನೆಲದ ಮೇಲೆ ಧಪಧಪ ನಡೆದು ಬರುವಾಗ ಬೂಟಿನ ಅಂಚಿನಿಂದ ಕೆಂಪು ಮಣ್ಣು ಉದುರುತ್ತಿತ್ತು. ಕಸ ಗುಡಿಸುವ ಹೆಂಗಸು ಹಿಂದಿನಿಂದ ಗೊಣಗುತ್ತ ಬರುತ್ತಿದ್ದಳು. ಇವರು ತಿರುಗಿಯೂ ನೋಡದೆ, "ಖಾನಾಪುರದ ಮಣ್ಣೈತಿ ಅದು, ಹಗೂರಕ ಗುಡಸು" ಅನ್ನುತ್ತಿದ್ದರು.

ನಾನು ಬೆಳಗಾವಿಯಲ್ಲಿ ಆರ್ಕಿಟೆಕ್ಟ್ ಆಗಿ ಕೆಲಸ ಶುರು ಮಾಡಿದ ಹೊಸತರಲ್ಲಿ ಅವರು ನಗರ ಯೋಜನೆಯ ಅಧಿಕಾರಿಯಾಗಿದ್ದರು. ಹೊಸ ಬಡಾವಣೆಯಾಗಲಿ ಅಪಾರ್ಟ್‌ಮೆಂಟ್ ಆಗಲಿ, ಅನುಮತಿಯ ಕಡತ ಅವರ ಮೇಜನ್ನು ದಾಟಿಯೇ ಮುಂದೆ ಹೋಗಬೇಕು. ಯಾವ ಮರ ಉಳಿಸಬೇಕು, ಚಾವಣಿಯ ಮಳೆನೀರನ್ನು ಎಲ್ಲಿ ಇಂಗಿಸಬೇಕು, ಜಾಗದಲ್ಲಿರುವ ಹಳೇ ಬಾವಿಯನ್ನು ಮುಚ್ಚಬೇಕೋ ಬೇಡವೋ, ಬಚ್ಚಲ ನೀರು ಎಲ್ಲಿಗೆ ಹೋಗಬೇಕು, ಇಂಥ ಪರಿಸರದ ಷರತ್ತುಗಳನ್ನು ಬರೆಯುವುದು ಅವರ ಪಾಲಿನ ಕೆಲಸ. ಷರತ್ತು ಬರೆಯುವ ಮೇಡಂ ಎಂದೇ ಬಿಲ್ಡರುಗಳ ನಡುವೆ ಅವರ ಹೆಸರು. ಆ ಹೆಸರನ್ನು ಯಾರೂ ಪ್ರೀತಿಯಿಂದ ಹೇಳುತ್ತಿರಲಿಲ್ಲ.

ಅವರು ಬೇಗ ಕೆಲಸ ಮುಗಿಸುವವರಲ್ಲ. ಒಂದೇ ಕಡತಕ್ಕೆ ಮತ್ತೆಮತ್ತೆ ಬರಹೇಳುತ್ತಿದ್ದರು. ಮಾತೂ ಸ್ವಲ್ಪ ಖಾರ. ನಕಾಶೆಯ ಜೊತೆ ಜಾಗದ ಫೋಟೋ ಇಟ್ಟರೆ ಮೊದಲು ಅದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುವರು. ಹುಲ್ಲು ಒಣಗಿದ್ದು ಕಂಡರೆ ಸಾಕು, ತಿರುಗಿ ನಮ್ಮ ಕಡೆ ತಳ್ಳುವರು. "ಇದು ಬ್ಯಾಸಗಿ ಫೋಟೋ. ಮಳಿಗಾಲದ್ದು ತರ್ರಿ." ಮಳೆಗಾಲಕ್ಕೆ ಇನ್ನೂ ತಿಂಗಳುಗಟ್ಟಲೆ ಇದೆಯೆಂದರೆ, "ಹಂಗಾರ ಕುಂದರ್ರಿ, ಮಳಿ ಬರ್ಲಿ" ಎಂದು ಮುಂದಿನ ಕಡತಕ್ಕೆ ಕೈ ಹಾಕುವರು.

ಕೆಳಗಿನವರು ಬರೆದುಕೊಟ್ಟ ಷರತ್ತಿನಲ್ಲಿ 'ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು' ಎಂದಿದ್ದರೆ ಅಡ್ಡಗೆರೆ ಎಳೆಯುತ್ತಿದ್ದರು. ಒಮ್ಮೆ ನನ್ನೆದುರಿಗೇ ತಮ್ಮ ಸಹಾಯಕನಿಗೆ ಹೇಳಿದರು: "ಸೂಕ್ತ ಕ್ರಮ ಅಂದ್ರ ಯಾರೂ ಏನೂ ಮಾಡೂದಿಲ್ಲ ಅಂತ ಅರ್ಥ. ಯಾರು ಮಾಡಬೇಕು, ಏನು ಮಾಡಬೇಕು, ಮನಿ ಕಟ್ಟೂಕಿಂತ ಮೊದಲೋ ಆಮ್ಯಾಲೋ, ಅದನ್ನ ಬರಿ." ಬರೆದದ್ದನ್ನು ಅರ್ಜಿದಾರರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕನ್ನಡ ಸರಿಯಾಗಿ ತಿಳಿಯದವರಿಗೆ ಮರಾಠಿಯಲ್ಲಿ ಇನ್ನೊಮ್ಮೆ. ಅವರು ನಂದಗಡದ ರೈತರ ಮನೆಯ ಹೆಣ್ಣುಮಗಳು. ಎರಡು ಭಾಷೆಯಲ್ಲೂ ಅಷ್ಟೇ ಸಲೀಸಾಗಿ ಬೈಯಬಲ್ಲವರಾಗಿದ್ದರು.

ನಮ್ಮಪ್ಪ ಕುರಿ ಕಾಯುವ ಮನೆತನದಿಂದ ಬಂದವನು. ಹುಡುಗನಾಗಿದ್ದಾಗ ಕುರಿ ಹಿಂದೆ ತಿರುಗಿ, ಆಮೇಲೆ ಬೆಳಗಾವಿಯ ಫೌಂಡ್ರಿಯಲ್ಲಿ ದುಡಿದು, ಸಣ್ಣಪುಟ್ಟ ಗುತ್ತಿಗೆ ಹಿಡಿದು, ಕಡೆಗೆ ಮನೆ ಕಟ್ಟಿ ಮಾರುವ ಹಂತಕ್ಕೆ ಏರಿದ್ದ. ಖಾನಾಪುರದ ಹೊರಗೆ ಅವನು ಕೊಂಡ ಹೊಲ ಅವನ ಆವರೆಗಿನ ಎಲ್ಲ ಕೆಲಸಕ್ಕಿಂತ ದೊಡ್ಡದು. ಅಲ್ಲಿ ಒಂದು ಸಣ್ಣ ಬಡಾವಣೆ ಮಾಡಿ ಮನೆಗಳನ್ನು ಕಟ್ಟುವುದು ಅವನ ಆಸೆ. ನಕಾಶೆ ಹಾಕಿದವಳು ನಾನೇ. ಹೊಲದ ನಡುವೆ ಮಳೆನೀರು ಹರಿಯುವ ಒಂದು ನಾಲಾ ಇತ್ತು. ನಾವು ನೋಡಿದಾಗ ಅದರಲ್ಲಿ ಹನಿ ನೀರಿರಲಿಲ್ಲ. ಎಮ್ಮೆಗಳು ಮಲಗಿ ಎದ್ದ ಗುಂಡಿ, ಎರಡು ದಂಡೆಗೂ ಹೊಂಗೆ ಮತ್ತು ನೇರಳೆ ಮರ. ಅದನ್ನು ಪೈಪಿನೊಳಗೆ ಹಾಕಿ ಮಣ್ಣು ಮುಚ್ಚಿ ಮೇಲೆ ನಿವೇಶನ ಮಾಡುವುದೆಂದು ತೋರಿಸಿದ್ದೆ.

ಮೇಡಂ ಮಳೆ ಹಿಡಿದ ಮೇಲೆ ತಾವೇ ಜಾಗಕ್ಕೆ ಬಂದರು. ಕೊಡೆ ಹಿಡಿದು ನಾಲಾದ ದಂಡೆಗುಂಟ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೂ ನಡೆದರು. ಅಪ್ಪ ಜೊತೆಗೆ ನಡೆದ. ವಾರ ಕಳೆದ ಮೇಲೆ ನನ್ನನ್ನು ಕಚೇರಿಗೆ ಕರೆಸಿ ಷರತ್ತು ಓದಿದರು. ನಾಲಾ ಇದ್ದ ಹಾಗೆಯೇ ತೆರೆದಿರಬೇಕು. ಎರಡೂ ಬದಿಗೆ ಖಾಲಿ ಜಾಗದ ಪಟ್ಟಿ ಬಿಡಬೇಕು, ಅದರಲ್ಲಿ ಮನೆಯಷ್ಟೇ ಅಲ್ಲ, ಕಂಪೌಂಡ್ ಗೋಡೆಯೂ ಬರಕೂಡದು. ದಂಡೆಯ ಮರ ಕಡಿಯಕೂಡದು. ಇದೆಲ್ಲ ಜಾಗದ ಮೇಲೆ ಗುರುತಾದ ಮೇಲೆಯೇ ಮೊದಲ ಮನೆಯ ಅಡಿಪಾಯ ತೆಗೆಯಬೇಕು.

"ಮೇಡಂ, ನಾಲ್ಕು ನಿವೇಶನ ಹೋಗ್ತಾವ" ಅಂದೆ.

"ಹೋಗಂಗಿಲ್ಲ ತಂಗಿ. ಅವು ಮೊದಲ ಇದ್ದಿದ್ದಿಲ್ಲ. ನೀ ಕಾಗದದ ಮ್ಯಾಲ ಮಾಡೀದಿ."

ಮನೆಗೆ ಬಂದು ಹೇಳಿದಾಗ ಅಪ್ಪ ಊಟದ ತಟ್ಟೆ ಸರಿಸಿಬಿಟ್ಟ. "ನನ್ನ ಹೊಲದಾಗ ನಾ ಏನ್ ಮಾಡಬೇಕಂತ ಆ ಮೇಡಮ್ಮಾರು ಯಾಕ ಹೇಳಬೇಕು?" ಅಂದ. ಮರುದಿನ ತಣ್ಣಗಾಗಿ, ನನ್ನ ಕೈಯಲ್ಲಿ ಒಂದು ಡಬ್ಬಿ ಕುಂದಾ ಕೊಟ್ಟು ಕಳಿಸಿದ. ಮೇಡಂ ಡಬ್ಬಿಯನ್ನು ಮುಟ್ಟಲಿಲ್ಲ. "ಸಿಹಿ ನನಗ ಆಗಂಗಿಲ್ಲ ಅಂತ ಅಪ್ಪಾರಿಗೆ ಹೇಳು" ಅಂದರು. ಹಾಗೆನ್ನುತ್ತಲೇ ತಮ್ಮ ಡಬ್ಬಿ ತೆರೆದು, ರೊಟ್ಟಿಯ ಜೊತೆ ಬೆಲ್ಲದ ತುಂಡನ್ನು ಕಚ್ಚಿದರು. ನನಗೂ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ನಾನು ಸಿಟ್ಟಿನಲ್ಲಿಯೇ ತಿಂದೆ.

ಆ ಮಳೆಗಾಲದ ಒಂದು ಭಾನುವಾರ ಅವರ ಮನೆಗೇ ಹೋದೆ. ಒಂದು ಬದಿಯ ಪಟ್ಟಿಯನ್ನಾದರೂ ಕಡಿಮೆ ಮಾಡಿಸಿಕೊಂಡು ಬರಬೇಕೆಂದು ಅಪ್ಪ ಬೆನ್ನು ಹತ್ತಿದ್ದ. ಅವರಿದ್ದದ್ದು ಬೆಳಗಾವಿಯ ಅನಗೋಳದಲ್ಲಿ, ಬಾಡಿಗೆ ಮನೆಯಲ್ಲಿ. ಬಾಗಿಲಿಗೆ ಬೀಗ. ಪಕ್ಕದ ಮನೆಯವರು ಕಿಟಕಿಯಿಂದಲೇ ಹೇಳಿದರು: "ಇಷ್ಟ ಮಳಿ ಬಿದ್ದರ ಅವರು ಮನ್ಯಾಗ ಇರಂಗಿಲ್ರೀ. ಕೆಳಗಿನ ಗಲ್ಲಿಗೆ ಹೋಗಿರ್ತಾರ, ನೋಡ್ರಿ."

ಕೆಳಗಿನ ಗಲ್ಲಿಯಲ್ಲಿ ನೀರು ಮೊಣಕಾಲಿನ ತನಕ ಇತ್ತು. ಒಂದು ಹಂಚಿನ ಮನೆಯೊಳಗೆ ಮೇಡಂ ಕಂಡರು. ಜೋಳದ ಚೀಲವೊಂದರ ಕೊನೆ ಹಿಡಿದು ಮಂಚದ ಮೇಲೆ ಏರಿಸಲು ಒದ್ದಾಡುತ್ತಿದ್ದರು. ಮನೆಯೊಡತಿ ಹೊಸ್ತಿಲ ಬಳಿ ನಿಂತು ಬೋಗುಣಿಯಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳು. ಚೆಲ್ಲಿದ ನೀರು ಮತ್ತೆ ಒಳಗೇ ಬರುತ್ತಿತ್ತು. ಮೇಡಂ ನನ್ನನ್ನು ನೋಡಿ, ಯಾಕೆ ಬಂದೆ ಎಂದು ಕೇಳದೆ, "ತಂಗಿ, ಆ ಕಡೆ ಹಿಡಿ" ಅಂದರು. ಚೀಲ ಮೇಲೆ ಹೋಯಿತು. ಅದರ ಹಿಂದೆ ಹಾಸಿಗೆ, ಹಿಟ್ಟಿನ ಡಬ್ಬಿ, ಮಕ್ಕಳ ಪುಸ್ತಕದ ಚೀಲ.

ಕೆಲಸದ ನಡುವೆ ಆ ಮನೆಯೊಡತಿ ಮೇಡಂಗೆ ಹೇಳಿದಳು, ದನಿ ಏರಿಸದೆ: "ಸಹಿ ಮಾಡೂಕಿಂತ ಮೊದಲ ಒಂದ್ ಸಲ ಇಲ್ಲಿ ಬಂದು ನಿಂತಿದ್ರ ಆಗತಿತ್ತಲ್ರೀ, ಅಕ್ಕಾರ."

"ಆಗತಿತ್ತು" ಅಂದರು ಮೇಡಂ.

ಕಚೇರಿಯಲ್ಲಿ ಯಾರ ಮಾತಿಗೂ ಎದುರು ಹೇಳದೆ ಬಿಡದವರು ಆ ಹೆಂಗಸಿನ ಮಾತನ್ನು ಒಪ್ಪಿಕೊಂಡು ಮುಂದಿನ ಸಾಮಾನು ಎತ್ತಿದರು. ಮಳೆ ಇಳಿದ ಮೇಲೆ ಆಕೆ ಒಲೆ ಹೊತ್ತಿಸಿ ಚಹಾ ಮಾಡಿಕೊಟ್ಟಳು. ನಾವಿಬ್ಬರೂ ಮಂಚದ ಮೇಲೆ ಕಾಲು ಎತ್ತಿಕೊಂಡು ಕೂತು ಕುಡಿದೆವು.

ವಾಪಸು ನಡೆಯುವಾಗ ಮೇಡಂ ಗಲ್ಲಿಯ ಮೇಲ್ತುದಿಯ ಅಪಾರ್ಟ್‌ಮೆಂಟನ್ನು ತೋರಿಸಿದರು. ಅಲ್ಲಿ ಮೊದಲು ತೆರೆದ ನಾಲಾ ಇತ್ತಂತೆ. ಕಟ್ಟುವವರು ಪೈಪಿನಲ್ಲಿ ಹಾಕುತ್ತೇವೆಂದು ಕೇಳಿದರು. ಅನುಮತಿ ಕೊಟ್ಟವರು ಇವರೇ. ಆಗ ಇವರು ಆ ಹುದ್ದೆಗೆ ಹೊಸಬರು.

"ಕಡತದಾಗ ಫೋಟೋ ಇತ್ತು. ಒಣಗಿದ ನಾಲಾ, ಅದರಾಗ ಹುಡುಗೂರು ಕ್ರಿಕೆಟ್ ಆಡಾಕ ಹತ್ತಿದ್ರು. ಇಷ್ಟಕ್ಕ ಪೈಪ್ ಸಾಕು ಅನಿಸ್ತು. ಜಾಗಾ ನೋಡಾಕ ಹೋಗ್ಲಿಲ್ಲ."

"ಈಗ ತೆಗಿಸಾಕ ಬರಂಗಿಲ್ಲೇನ್ರೀ?"

"ಮ್ಯಾಲಿನವರಿಗೆ ಪತ್ರ ಬರದೇನಿ. ಇನ್ನೂ ಬರಿತೀನಿ. ಆದ್ರ ಪೈಪ್ ಮ್ಯಾಲ ಈಗ ಮನಿ ಅದಾವ, ಮನ್ಯಾಗ ಜನ ಅದಾರ. ಅವರನ್ನ ಎಲ್ಲಿಗೆ ಕಳಸ್ತಿ?" ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ನೀ ಯಾಕ ಬಂದಿದ್ದಿ?"

"ಸುಮ್ಮನ ಬಂದಿದ್ದೆ, ಮೇಡಂ."

"ಸುಮ್ಮನ ಯಾರೂ ನನ್ನ ಕಡೆ ಬರಂಗಿಲ್ಲ ತಂಗಿ" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಪಟ್ಟಿಯ ಮಾತು ನಾನು ಎತ್ತಲಿಲ್ಲ.

ಕೆಲವೇ ವಾರಗಳಲ್ಲಿ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಯಾರಾದರೂ ಮಾಡಿಸಿದರೋ, ಸರದಿಯಂತೆ ಆಯಿತೋ, ಇಂದಿಗೂ ನನಗೆ ಗೊತ್ತಿಲ್ಲ. ಅಪ್ಪನಂತೂ ಮಾಡಿಸಿರಲಿಲ್ಲ, ಅಷ್ಟು ಕೈ ಅವನಿಗೆ ಇರಲಿಲ್ಲ. ಅವರ ಜಾಗಕ್ಕೆ ಬಂದ ಸಾಹೇಬರು ಸೌಮ್ಯ ಸ್ವಭಾವದವರು. ನಾಲಾಕ್ಕೆ ಪೈಪ್ ಹಾಕುವ ಹೊಸ ನಕಾಶೆ ಕೊಟ್ಟರೆ ನೋಡೋಣ ಎಂದು ಹೇಳಿ ಕಳಿಸಿದರು. ಅಪ್ಪ ಅವತ್ತು ಸಂಜೆ ಬಹಳ ಖುಷಿಯಲ್ಲಿದ್ದ.

"ನಕಾಶೆ ಮಾಡು ಅವ್ವಿ. ಹಳೇದ ಐತಲ್ಲ, ಅದನ್ನ ತೆಗಿ."

"ನಾ ಮಾಡೂದಿಲ್ಲಪ್ಪಾ" ಅಂದೆ. ಅನಗೋಳದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಜೋಳದ ಚೀಲ, ಬೋಗುಣಿ, ಆ ಹೆಂಗಸು ಹೇಳಿದ ಮಾತು. ಬೇರೆ ಆರ್ಕಿಟೆಕ್ಟ್ ಕಡೆ ಮಾಡಿಸಿಕೊಂಡರೆ ನನ್ನ ಅಡ್ಡಿಯಿಲ್ಲ, ನನ್ನ ಕೈಯಿಂದ ಆಗುವುದಿಲ್ಲ ಅಂದೆ. ಅಪ್ಪನ ಮುಖ ಕೆಂಪಾಯಿತು. ಮನೆಯ ಮಗಳೇ ಹೀಗಂದರೆ ಹೊರಗಿನವರಿಗೆ ಏನು ಹೇಳಲಿ ಎಂದು ಎದ್ದುಹೋದ. ಎರಡು ದಿನ ನನ್ನ ಜೊತೆ ಊಟಕ್ಕೂ ಕೂರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಜೋರು ಮಳೆ. ಬಾಗಿಲಲ್ಲಿ ನಿಂತು, "ನಡಿ, ಖಾನಾಪುರಕ್ಕ ಹೋಗೂಣು" ಅಂದ.

ನಾವು ತಲುಪಿದಾಗ ನಾಲಾ ದಂಡೆ ಮುಟ್ಟಿ ಹರಿಯುತ್ತಿತ್ತು. ಕಾಡಿನ ಕಡೆಯಿಂದ ಕಟ್ಟಿಗೆ, ಎಲೆ, ಎಲ್ಲಿಯದೋ ಒಂದು ಚಪ್ಪಲಿ ತೇಲಿ ಬರುತ್ತಿದ್ದವು. ನಾನು ನಾಲ್ಕು ನಿವೇಶನ ಎಳೆದಿದ್ದ ಜಾಗ ಪೂರ್ತಿ ನೀರು. ಅಪ್ಪ ಪ್ಯಾಂಟು ಮಡಿಸಿ ನೇರಳೆ ಮರದ ಕೆಳಗೆ ಬಹಳ ಹೊತ್ತು ನಿಂತ. ಆಮೇಲೆ ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, "ಕುರಿ ಹಟ್ಟಿ ಹಾಕೂ ಮುಂದ ನಮ್ಮಪ್ಪ ಮೊದಲ ನಾಲಾ ಎಲ್ಲೈತಿ ನೋಡತಿದ್ದ. ಕುರೀನ ನಾವು ಇಂಥಲ್ಲಿ ಕೂಡಿ ಹಾಕತಿರಲಿಲ್ಲ. ಮಂದೀನ ಹಾಕಾಕ ಹೊಂಟಿದ್ನಿ" ಅಂದ.

ಮಳೆ ಹೊಳವಾದ ದಿನ ಸರ್ವೇಯವರನ್ನು ಕರೆದುಕೊಂಡು ಹೋಗಿ, ಮೇಡಂ ಬರೆದ ಅಳತೆಯಂತೆಯೇ ಪಟ್ಟಿ ಬಿಟ್ಟು ಕಲ್ಲು ನೆಡಿಸಿದ. ಹಾಗೆಂದು ಅವನು ಸಂತನಾಗಲಿಲ್ಲ. ಕೈಗೆ ಬರಬೇಕಾದದ್ದು ಬರಲಿಲ್ಲ, ಮುಂದಿನ ಕೆಲಸ ಹಿಡಿಯಲು ವರ್ಷಗಟ್ಟಲೆ ತಡವಾಯಿತು. "ನಿಮ್ಮ ಮೇಡಮ್ಮಾರು ನನ್ನ ನಾಲ್ಕು ಪ್ಲಾಟ್ ನುಂಗಿದ್ರು" ಎಂದು ನೆಂಟರ ಮುಂದೆ ಹೇಳುವುದನ್ನು ಬಿಡಲಿಲ್ಲ.

ಕಲ್ಲು ನೆಟ್ಟ ಸುದ್ದಿಯನ್ನು ನಾನು ಮೇಡಂಗೆ ಫೋನ್ ಮಾಡಿ ಹೇಳಿದೆ. "ಮರಾ ಅದಾವೇನು?" ಎಂದು ಕೇಳಿದರು. ಇವೆ ಅಂದೆ. "ಚಲೋ ಆತು" ಎಂದು ಇಟ್ಟುಬಿಟ್ಟರು. ಮೆಚ್ಚುವುದು ಅವರಿಗೆ ಅಷ್ಟೇ ಗೊತ್ತಿತ್ತು.

ಮುಂದೆ ಜಿಲ್ಲೆಯಲ್ಲೆಲ್ಲ ವಿಪರೀತ ಮಳೆಯಾದ ವರ್ಷ ಖಾನಾಪುರದ ನಾಲಾ ಪಟ್ಟಿಯನ್ನೆಲ್ಲ ತುಂಬಿಕೊಂಡು ಹರಿಯಿತು. ನಮ್ಮ ಬಡಾವಣೆಯ ಒಂದು ಮನೆಗೂ ನೀರು ಬರಲಿಲ್ಲ. ನಾನು ಹಿಗ್ಗಿನಿಂದ ಮತ್ತೆ ಫೋನ್ ಮಾಡಿದೆ. ಅಷ್ಟೊತ್ತಿಗೆ ಅವರು ನಿವೃತ್ತರಾಗಿ ನಂದಗಡದಲ್ಲಿ ಅಣ್ಣನ ಮನೆ ಸೇರಿದ್ದರು.

"ನಿಮ್ಮದು ಇರ್ಲಿ. ಕೆಳಗಿನವರಿಗೆ ಏನಾತು?" ಅಂದರು.

ಕೆಳಗೆ ಇನ್ನೊಬ್ಬರು ನಮ್ಮ ನಂತರ ಕಟ್ಟಿದ್ದರು. ಅವರು ನಾಲಾವನ್ನು ಪೈಪಿಗೆ ಹಾಕಿದ್ದರು. ಅಲ್ಲಿನ ಮನೆಗಳಿಗೆ ನೀರು ನುಗ್ಗಿತ್ತು. ಅದನ್ನೂ ಹೇಳಿದೆ. "ಹೋಗಿ ನೋಡಿ ಬಂದಿಯೇನು?" ಎಂದು ಕೇಳಿದರು. ಇಲ್ಲ ಅಂದೆ. "ಹೋಗು" ಅಂದರು. ಮರುದಿನ ಹೋದೆ. ಅಲ್ಲಿಯವರ ಜೊತೆ ನಿಂತು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲೆ ನೋಡಿ, ಅವರ ಪರವಾಗಿ ಅರ್ಜಿ ಬರೆದುಕೊಟ್ಟೆ. ಪೈಪನ್ನು ಒಡೆದು ನಾಲಾ ತೆರೆಯುವ ಕೆಲಸ ಅರ್ಧ ಆಗಿದೆ, ಅರ್ಧ ಆಗಬೇಕಾಗಿದೆ.

ಈಗ ನಾನು ಬೇರೆಯವರ ಯೋಜನೆಗಳಿಗೆ ಪರಿಸರದ ಷರತ್ತುಗಳ ಬಗ್ಗೆ ಸಲಹೆ ಕೊಡುತ್ತೇನೆ. ಸುರಿಯುವ ಮಳೆಯಲ್ಲಿ ಜಾಗಕ್ಕೆ ಹೋಗದೆ ಒಂದು ಸಾಲೂ ಬರೆಯುವುದಿಲ್ಲ. ಇದರಿಂದ ಕೆಲವು ಕೆಲಸ ಕೈತಪ್ಪುತ್ತವೆ. ಕಾಲೇಜಿನಲ್ಲಿ ಐದು ವರ್ಷ ಓದಿದ್ದರೂ, ನನ್ನ ಕಸುಬನ್ನು ನಾನು ಕಲಿತದ್ದು ಅವರ ಹತ್ತಿರ ಎಂದೇ ತಿಳಿದಿದ್ದೇನೆ. ಅವರೆದುರಿಗೆ ಅದನ್ನು ಹೇಳಿದ್ದಿಲ್ಲ. ಹೇಳಿದ್ದರೆ ಮಾತು ಬದಲಿಸುತ್ತಿದ್ದರು.

ಹೋದ ವರ್ಷ ಆಷಾಢದಲ್ಲಿ ಅವರು ತೀರಿಕೊಂಡರು. ಕಾಯಿಲೆ ಮೊದಲೇ ಗೊತ್ತಿತ್ತಂತೆ, ಯಾರಿಗೂ ತಿಳಿಸಬೇಡಿರೆಂದು ಹೇಳಿದ್ದರಂತೆ. ಸುದ್ದಿ ಕೇಳಿ ಮಣ್ಣಿಗೆ ಹೊರಟಾಗ ಅಪ್ಪ ತಾನೂ ಬರುತ್ತೇನೆಂದ. ನಂದಗಡದ ಅವರ ಹೊಲದಲ್ಲಿ, ಮೇಲಿನ ದಿಬ್ಬದ ಮೇಲೆ ಕುಣಿ ತೆಗೆದಿದ್ದರು. ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಹಣೆ ತುಂಬ ವಿಭೂತಿ ಹಚ್ಚಿ, ಪತ್ರೆ ಇಟ್ಟು, ಅವರನ್ನು ಇಳಿಸಿದರು. ಮಳೆ ಸಣ್ಣಗೆ ಬರುತ್ತಿತ್ತು.

ಅವರ ಅಣ್ಣ ನನ್ನ ಪಕ್ಕಕ್ಕೆ ಬಂದು ಇಳಿಜಾರಿನ ಕೆಳಗೆ ಬದುವಿನ ಕಡೆ ಕೈ ತೋರಿಸಿದರು. "ಅಪ್ಪ ಅವ್ವನ ಸಮಾಧಿ ಅಲ್ಲಿ ಅದಾವ. ಬಾಜೂಕ ಇಕಿದೂ ಮಾಡೂಣು ಅಂದಿದ್ವಿ. ಒಲ್ಲೆ ಅಂದ್ಲು. ಹೋದ ತಿಂಗಳ ಇಲ್ಲಿ ಕುರ್ಚಿ ಹಾಕಿಸ್ಕೊಂಡು ಕುಂತು, ತಾನ ಜಾಗಾ ತೋರ್ಸಿದ್ಲು. ಕೆಳಗ ನೀರು ಹೋಗೂ ದಾರಿ ಐತಿ, ನಾ ಅಡ್ಡ ಕುಂದ್ರಂಗಿಲ್ಲ ಅಂದ್ಲು."

ಅಪ್ಪ ಒಂದು ಹಿಡಿ ಮಣ್ಣು ಹಾಕಿ ಈಚೆ ಬಂದು ನಿಂತ. ಕೆಳಗೆ ಬದುವಿನ ಗುಂಟ ನೀರು ಕೆಂಪಗೆ ಹರಿದು ಹೋಗುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ತಿರುಗಿ ದಿಬ್ಬವನ್ನು ನೋಡಿದ.

"ಜಾಗಾ ಚಲೋ ನೋಡ್ಯಾರ" ಅಂದ.