ಆಯಸ್ಕಾಂತದ ಸೋಂಕು ಹಿಡಿಯುವ ಕೈ

ಟಿಕ್.

ಕೊನೆಯ ರೈಲು ಹೋಗಿ ಅರ್ಧ ಗಂಟೆಯಾಗಿದೆ. ಪ್ಲಾಸ್ಟಿಕ್ ತಟ್ಟೆಗೆ ಸ್ಕ್ರೂ ಬೀಳುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಕೇಳದು. ಮರದ ಸ್ಟೂಲಿನ ಮೇಲೆ ಕೂತ ಈಕೆ ಇನ್ನೊಂದು ಸ್ಕ್ರೂ ಎತ್ತಿ, ಕಾಂತ ಅಳೆಯುವ ಬೆರಳುದ್ದದ ಕಡ್ಡಿಯ ಮುಂದೆ ನಿಧಾನವಾಗಿ ತಿರುಗಿಸುತ್ತಾರೆ. ಮೈಮೇಲೆ ಪಿನ್ನಿಲ್ಲ, ಹುಕ್ಕಿಲ್ಲ, ಓಲೆಯಿಲ್ಲ. ಪರದೆಯ ಗೆರೆ ಅಲುಗದಿದ್ದರೆ ಸ್ಕ್ರೂ ಪಾಸು. ರೈಲು, ಲಿಫ್ಟು, ಕಾರು ಯಾವುದು ಕದಲಿದರೂ ಗೆರೆ ನಡುಗುತ್ತದೆ. ಅದಕ್ಕೇ ಈ ಕೆಲಸಕ್ಕೆ ರಾತ್ರಿಯೇ ಆಗಬೇಕು.

"ಮೇಲೆ ಹೋಗೋ ಉಪಗ್ರಹ ಸೂರ್ಯನಿಂದ ಬೀಸೋ ಗಾಳಿಯೊಳಗಿನ ಕಾಂತಕ್ಷೇತ್ರ ಅಳೀಬೇಕು. ಭೂಮೀದಕ್ಕಿಂತ ಹತ್ತು ಸಾವಿರ ಪಾಲು ಕಮ್ಮಿ ಅದು. ಸ್ಕ್ರೂಗೆ ಕಾಂತ ಅಂಟಿದ್ರೆ, ಅಷ್ಟು ದೂರ ಹೋಗಿ ತನ್ನ ಸ್ಕ್ರೂನೇ ಅಳ್ಕೊಂಡು ಕೂತಿರುತ್ತೆ ಅಷ್ಟೆ."

ಹನ್ನೊಂದು ವರ್ಷ ಗಾರ್ಮೆಂಟ್ಸಿನಲ್ಲಿ ಹೊಲಿದ ಈಕೆ ಇಲ್ಲಿಗೆ ಬಂದದ್ದು ಉಪಗ್ರಹಕ್ಕೆ ಹೊದಿಸುವ ಹೊದಿಕೆ ಹೊಲಿಯಲು. ಕೈ ನಡುಗುವುದಿಲ್ಲವೆಂದು ಈ ಕೋಣೆಗೆ ಕರೆದರು. ಹತ್ತೊಂಬತ್ತು ವರ್ಷದಿಂದ ರಾತ್ರಿಗೆ ಇನ್ನೂರು ಸ್ಕ್ರೂ. ತಾಯಿ ಮಗಳು ಭೇಟಿಯಾಗುವುದು ಬೆಳಗ್ಗೆ ಹೊಸ್ತಿಲಲ್ಲಿ, ಒಬ್ಬರು ಒಳಗೆ, ಒಬ್ಬರು ಹೊರಗೆ. "ನಮ್ಮಮ್ಮ ಗೂಬೆ. ಆದ್ರೆ ಸಂಬಳದ ಗೂಬೆ," ಎನ್ನುತ್ತಾಳೆ ಮಗಳು.

ಒಂಬತ್ತು ವರ್ಷದ ಹಿಂದೆ ಬಲ ಮಣಿಕಟ್ಟು ಊದಿಕೊಂಡಾಗ ಈಕೆ ಎಡಗೈಯಲ್ಲಿ ಸ್ಕ್ರೂ ಹಿಡಿದರು. ಅವತ್ತು ಇನ್ನೂರರಲ್ಲಿ ನೂರ ನಲವತ್ತು ಫೇಲು. ದೂರು ಹೋದದ್ದು ಅವನ್ನು ಕಡೆದ, ಎಲ್ಲರೂ ಲೇತಣ್ಣ ಎಂದು ಕರೆಯುತ್ತಿದ್ದವರ ಮೇಲೆ. ಲೇತ್ ಮಷಿನ್ನಿನ ಉಕ್ಕಿನ ಚೂರು ಒರೆಸದೆ ಕಳಿಸಿದ್ದಾರೆ, ಸೋಮವಾರದಿಂದ ಬೇರೆಯವರು ಬರಲಿ ಎಂದರು ಸಾಹೇಬರು. ಮೂವತ್ತು ವರ್ಷ ದುಡಿದ ಕೆಲಸಗಾರ ಯಾರ ಮುಖವನ್ನೂ ನೋಡದೆ ಓಡಾಡಿದರು.

ತಪ್ಪು ಅವರದೆಂದು ಈಕೆಗೆ ನಂಬಿಕೆ ಬರಲಿಲ್ಲ. ಭಾನುವಾರ ರಾತ್ರಿ ಬರಿಯ ಎಡಗೈಯನ್ನೇ ಕಡ್ಡಿಯ ಮುಂದೆ ಹಿಡಿದರು. ಗೆರೆ ಜಿಗಿಯಿತು. ಗಾರ್ಮೆಂಟ್ಸಿನಲ್ಲಿ ಆ ಕೈಯ ಒಂದು ಬೆರಳಿಗೆ ಮಷಿನ್ನಿನ ಸೂಜಿ ಇಳಿದು, ತುದಿ ಒಳಗೇ ಮುರಿದು ಉಳಿದಿತ್ತು. ಡಾಕ್ಟರು, ಇದ್ದರೆ ಇರಲಿ ಬಿಡಿ ಎಂದಿದ್ದರು. ಊದಿದ ಬಲಗೈಯಲ್ಲೇ ನೂರ ನಲವತ್ತನ್ನೂ ಮತ್ತೆ ಅಳೆದರು. ಎಲ್ಲವೂ ಪಾಸು. ‘ಸ್ಕ್ರೂ ಸರಿಯಿವೆ. ಅಳೆದದ್ದು ತಪ್ಪು, ತಪ್ಪು ನನ್ನದು’ ಎಂದು ರಿಜಿಸ್ಟರಿನಲ್ಲಿ ಬರೆದು, ಬೆಳಗ್ಗೆ ಲೇತಣ್ಣನಿಗಾಗಿ ಕಾದರು.

"ಅಣ್ಣಾ, ಸೋಂಕು ನನ್ನ ಬೆರಳಲ್ಲಿತ್ತು. ಸಾಹೇಬರಿಗೆ ಹೇಳಿ ಬರ್ತೀನಿ."

ಲೇತಣ್ಣ ಬೆರಳನ್ನು ತಿರುಗಿಸಿ ನೋಡಿದರು. "ಹುಚ್ಚಿ, ಬೆರಳಿನ ಸುದ್ದಿ ಎತ್ತಿದ್ರೆ ನಾಳೆಯಿಂದ ಆ ಬಾಗಿಲೊಳಗೆ ಬಿಡ್ತಾರಾ ನಿನ್ನ? ಸ್ಕ್ರೂ ಸರಿ ಅಂತ ಬರೆದ್ಯಲ್ಲ, ಅಷ್ಟಕ್ಕೇ ನನ್ನ ಕೆಲಸ ಉಳಿಯುತ್ತೆ, ನನ್ನ ಮರ್ಯಾದೆ ನನಗೆ ಬಂತು. ನಾನಂತೂ ಬಾಯಿ ಬಿಡಲ್ಲ."

ಅಂದಿನಿಂದ ಈ ಕೋಣೆಯಲ್ಲಿ ಈಕೆಯ ಎಡಗೈ ಬೆನ್ನ ಹಿಂದೆ.

ಮುಂದಿನ ತಿಂಗಳು ಈಕೆಗೆ ನಿವೃತ್ತಿ. ಇಷ್ಟು ವರ್ಷದ ಮೇಲೆ ಈಗೇಕೆ ಹೇಳುತ್ತಿದ್ದೀರಿ ಎಂದರೆ ಕೈಯಲ್ಲಿದ್ದ ಸ್ಕ್ರೂ ತಟ್ಟೆಗೆ ಹಾಕುತ್ತಾರೆ.

"ಲೇತಣ್ಣ ಹೋದ ವರ್ಷ ತೀರ್ಕೊಂಡ್ರು. ಅತ್ತಿಗೇನ ಮಾತಾಡಿಸೋಕೆ ಹೋಗಿದ್ದೆ. ಬೆರಳಿನ ವಿಷಯ ಅಣ್ಣ ಅವರಿಗೂ ಹೇಳಿರಲಿಲ್ಲ ಕಣ್ರೀ. ಇನ್ನು ನಾನೂ ಸುಮ್ಮನಿದ್ರೆ, ಆ ಮನುಷ್ಯ ಎಂಥವರು ಅಂತ ಯಾರಿಗೂ ಗೊತ್ತಾಗಲ್ಲ."