ಫೋರ್‌ಮನ್ನರಿಗೆ ಬಾರದ ಲಿಪಿ

ಅವರ ಎಡಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ತುದಿಯ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಮಂಗಳೂರಿನ ಮಿಷನ್ ಪ್ರೆಸ್ಸೊಂದರಲ್ಲಿ ವರ್ಷಗಟ್ಟಲೆ ಸೀಸದ ಅಚ್ಚುಮೊಳೆಗಳನ್ನು ಸಾಲಾಗಿ ಜೋಡಿಸುತ್ತ, ಬೀಳದಂತೆ ಒತ್ತಿ ಹಿಡಿದ ಬೆರಳು ಅದು. ಆ ಕಾಲ ಮುಗಿದ ಮೇಲೆ ದೋಹಾಕ್ಕೆ ಬಂದು, ಅಲ್ಲಿನ ಅಲ್ ಮುಂತಜಾ ಬಡಾವಣೆಯ ಸಣ್ಣ ಪ್ರಿಂಟಿಂಗ್ ಅಂಗಡಿಯಲ್ಲಿ ಪ್ರೂಫ್ ನೋಡುತ್ತಿದ್ದರು. ಹಳೆಯ ಪ್ರೆಸ್ಸಿನ ಹುದ್ದೆಯ ಹೆಸರಿನಲ್ಲೇ ನಮಗೆಲ್ಲ ಅವರು ಫೋರ್‌ಮನ್ನರು.

ನಾನು ಅದೇ ಅಂಗಡಿಯ ಡಿಸೈನರ್. ಮಗ್, ಟೀ ಶರ್ಟುಗಳ ಮೇಲೆ ಚಿತ್ರ ಒತ್ತುವ ಕೆಲಸ. ಒತ್ತುವ ಮುಂಚೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಜೊತೆಗೆ ದೂರಶಿಕ್ಷಣದಲ್ಲಿ ಎಂ.ಎ. ಓದುತ್ತಿದ್ದೆ. ಬೀಡಿ ಕಟ್ಟಿ ನಮ್ಮನ್ನು ಸಾಕಿದ ಅಮ್ಮನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

ಪ್ರಬಂಧದ ವಿಷಯ, ಅಮೆರಿಕದ ಚೆರೋಕಿ ಜನರ ಮುದ್ರಣ. ಓದುಬರಹ ತಿಳಿಯದ ಚೆರೋಕಿಯೊಬ್ಬ ತನ್ನ ಭಾಷೆಗೆ ತಾನೇ ಲಿಪಿ ಕಟ್ಟಿದ. ಮಿಷನರಿಗಳ ನೆರವಿನಿಂದ ಅದಕ್ಕೆ ಮೊಳೆ ಎರಕವಾಗಿ ಪತ್ರಿಕೆಯೇ ಹೊರಟಿತು. ಫೋರ್‌ಮನ್ನರಿಗೆ ಈ ಕಥೆ ಎಷ್ಟು ಹೇಳಿದರೂ ಸಾಲದು. "ಅಷ್ಟು ಅಕ್ಷರಕ್ಕೆ ಮೊಳೆಪೆಟ್ಟಿಗೆಯಲ್ಲಿ ಎಷ್ಟು ಮನೆ ಮಾಡಿದರಂತೆ?" ಎಂದು ಕೇಳುವರು.

ಗೈಡ್ ಒಮ್ಮೆ ಪ್ರಬಂಧ ವಾಪಸು ಮಾಡಿದ್ದರು. ಮತ್ತೆ ತಪ್ಪು ಕಂಡರೆ ಒಂದು ವರ್ಷ ಹೋದಂತೆಯೇ. ಕಳಿಸುವ ದಿನ ಮಧ್ಯಾಹ್ನ ಅದನ್ನು ಅವರ ಮುಂದಿಟ್ಟೆ. ಹಳೆಯ ಚೆರೋಕಿ ಪತ್ರಿಕೆಯ ಪುಟವೊಂದರ ಚಿತ್ರದ ಬಳಿ ಅವರ ಕೈ ನಿಂತಿತು.

"ಇದು ಅರಬ್ಬಿಯ ಹಾಗೆ ಬಲದಿಂದ ಓದುವುದಾ ಮಾರಾಯ್ತಿ?"

"ಇಲ್ಲ ಅಂಕಲ್, ನಮ್ಮ ಹಾಗೆಯೇ, ಎಡದಿಂದ."

"ಮತ್ತೆ ಪ್ಯಾರಾ ಎಲ್ಲ ಬಲಗಡೆಯಿಂದ ಶುರುವಾಗಿದೆಯಲ್ಲ? ಕೊನೆಯ ಸಾಲು ಎಡಕ್ಕೆ ತುಂಡಾಗಿದೆ. ಇದನ್ನೂ ಮಗ್ಗಿಗೆ ಒತ್ತಲಿಕ್ಕೆ ಹೊರಟದ್ದಾ ನೀನು?"

ಕೈಯ ಅಭ್ಯಾಸ. ಒಂಬತ್ತು ಚಿತ್ರಗಳನ್ನೂ ತಿರುಗಿಸಿಟ್ಟಿದ್ದೆ. ಓದಲು ಬಾರದ ಲಿಪಿ, ನನಗೆ ಗೊತ್ತೇ ಆಗಿರಲಿಲ್ಲ.

"ಖಲಾಸ್ ಅಂಕಲ್," ಎಂದು ಕುಳಿತುಬಿಟ್ಟೆ.

"ಎಂತ ಖಲಾಸ್? ಕಳಿಸಿಯಾಗಿದೆಯಾ? ಇಲ್ಲವಲ್ಲ. ಯಲ್ಲಾ, ಏಳು, ಸರಿಮಾಡು. ನಾನು ಚಾ ತರ್ತೇನೆ."

ಸಂಜೆಯೊಳಗೆ ಒಂಬತ್ತೂ ನೇರವಾದವು. ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಸೇರಿಸಹೊರಟರೆ ಒಪ್ಪಲಿಲ್ಲ. "ಅದು ಪ್ರೊಫೆಸರರ ಜಾಗ. ಪ್ರೆಸ್ಸಿನವನ ಹೆಸರು ಕೊನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ." ಹಾಗೆಯೇ ಹಾಕಿದೆ.

ಪ್ರಬಂಧ ಒಪ್ಪಿಗೆಯಾಯಿತೆಂಬ ಮೇಲ್ ಬಂದಾಗ ಅಮ್ಮನಿಗಿಂತ ಮೊದಲು ಅವರಿಗೆ ಹೇಳಿದೆ. "ಅಬ್ಬ," ಎಂದು ಕುರ್ಚಿಗೆ ಒರಗಿದರು. ನನಗಿಂತ ಅವರೇ ಹೆಚ್ಚು ಹೆದರಿದ್ದರೆಂದು ಆಗ ತಿಳಿಯಿತು.

ಕಳೆದ ವರ್ಷ ಅವರು ಊರಿನಲ್ಲಿ ತೀರಿಕೊಂಡರು. ನಾನು ಕೊಟ್ಟ ಪ್ರತಿಯನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. "ಯಾವಾಗಲೂ ಕೊನೆಯ ಪುಟದಿಂದಲೇ ತೆರೆಯುವುದು," ಎಂದು ಫೋನಿನಲ್ಲಿ ಅವರ ಮಗಳು ಹೇಳಿದಳು.