ಅಕ್ಕೋರ ಚೀಲ

ಅಕ್ಕೋರ ಚಪ್ಪಲಿಯ ಪಟ್ಟಿ ಹರಿದಿರಲಿಲ್ಲ. ಅವರೇ ಕತ್ತರಿಸಿ, ನಡುವೆ ಬ್ಯಾಂಡೇಜ್ ಬಟ್ಟೆ ಸೇರಿಸಿ ಹೊಲಿದುಕೊಂಡಿದ್ದರು. ಬಾತ ಪಾದ ಹಿಡಿಸಬೇಕಲ್ಲ! ಸಂಜೆಯ ಹೊತ್ತಿಗೆ ಪಾದದ ಮೇಲೆ ಆ ಪಟ್ಟಿಯ ಗುರುತು ಆಳವಾಗಿ ಮೂಡಿರುತ್ತಿತ್ತು. ಹೆಚ್ಚುಕಡಿಮೆ ಒಂದು ವರ್ಷ ಆ ಕಾಲುಗಳನ್ನು ದಿನಾ ನೋಡಿದೆ. ಯಾಕೆ ಬಾತಿವೆ ಎಂದು ಒಂದು ದಿನವೂ ಕೇಳಲಿಲ್ಲ. ಔಷಧ ಶಾಸ್ತ್ರ ಓದಿದವಳು ನಾನು! ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಬಳ್ಳಾರಿಯ ಆಸ್ಪತ್ರೆಯೊಂದರ ಔಷಧ ವಿಭಾಗಕ್ಕೆ ಅವರು ಮುಖ್ಯಸ್ಥೆ. ರೋಗಿಗಳೆಲ್ಲ ಅಕ್ಕೋರು ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಫಾರ್ಮ್-ಡಿ ಎಂಬ ಆ ಓದಿನ ಕೊನೆಯ ವರ್ಷದ ತರಬೇತಿಗೆ ನಾನು ಕುರುಗೋಡಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. “ಇಷ್ಟು ವರ್ಷ ಓದಿ ಗುಳಿಗಿ ಕೊಡಾಕ ಹೊಂಟೀಯೇನವ್ವಾ?” ಎಂದು ಸೋದರಮಾವ ಕಿಚಾಯಿಸಿದ್ದ. ನನ್ನ ಕನಸೇ ಬೇರೆ ಇತ್ತು. ಬಿಳಿ ಕೋಟು, ಡಾಕ್ಟರ ಜೊತೆ ರೌಂಡ್ಸು, ನನ್ನ ಸಲಹೆಗೆ ಅವರು ತಲೆದೂಗುವುದು! ಮೊದಲ ದಿನ ಅಕ್ಕೋರು ಆ ಕೋಟನ್ನು ಮೇಲಿಂದ ಕೆಳಗೆ ನೋಡಿ, “ಚಂದ ಐತಿ. ತೋಳು ಮಡಚು. ಮಂದಿ ಚೀಲದಾಗ ಕೈ ಹಾಕೂದೈತಿ” ಅಂದರು.

ಅವರ ಪದ್ಧತಿಯೇ ಅದು. ಬಂದವರು ಮನೆಯಲ್ಲಿರುವ ಔಷಧವನ್ನೆಲ್ಲ ಚೀಲದಲ್ಲಿ ತರಬೇಕು, ಕೌಂಟರಿನ ಮೇಲೆ ಸುರಿಯಬೇಕು. “ಚೀಲ ತೆಗಿರಿ” ಎಂದು ಕನ್ನಡದವರಿಗೆ, “ಸಂಚಿ ತೆರವಂಡಿ” ಎಂದು ತೆಲುಗಿನವರಿಗೆ, “ಥೈಲಿ ಖೋಲೋ” ಎಂದು ಉರ್ದುವಿನವರಿಗೆ. ಕೂರಲು ಒಂದು ಸ್ಟೂಲಿತ್ತು, ಅದರ ಮೇಲೆ ಯಾವಾಗಲೂ ಡಬ್ಬಗಳು. ನಿಂತೇ ಕೇಳುತ್ತಿದ್ದರು, ನಿಂತೇ ಬಯ್ಯುತ್ತಿದ್ದರು.

ಮೊದಲ ವಾರವೇ ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲನೊಬ್ಬ ಬಂದ. ಸಕ್ಕರೆ ಕಾಯಿಲೆ, ಮೂಟೆ ಹೊರುವಾಗ ಎರಡು ಸಲ ಬೆವತು ಬಿದ್ದಿದ್ದನಂತೆ. ಚೀಲ ಸುರಿದ. ಅಬ್ಬಾ! ಹೆಂಡತಿಯ ಬಿ.ಪಿ. ಮಾತ್ರೆ, ಖಾಲಿ ಕೆಮ್ಮಿನ ಬಾಟಲಿ, ಹೆಬ್ಬೆರಳು ಗಾತ್ರದ ಗುಳಿಗೆಯೊಂದು.

“ಇದೇನಪಾ ಇದು?”

“ಅದು ನಮ್ಮ ಎಮ್ಮೀದ್ರಿ ಅಕ್ಕೋರೆ, ಜಂತುಹುಳದ್ದು.”

“ಎಮ್ಮೀನೂ ಕರಕೊಂಡು ಬರಬೇಕಿತ್ತಲ್ಲೋ!”

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕೋರು ನಗಲಿಲ್ಲ. ಬೇರೆ ಬೇರೆ ಹೆಸರಿನ ಎರಡು ಸ್ಟ್ರಿಪ್ ಎತ್ತಿ ನನ್ನ ಕಣ್ಣೆದುರು ಹಿಡಿದರು. ಎರಡರಲ್ಲೂ ಇದ್ದದ್ದು ಒಂದೇ ಸಕ್ಕರೆ ಔಷಧ. ಇಬ್ಬರು ಡಾಕ್ಟರು ಬರೆದಿದ್ದರು, ಅವನು ಎರಡನ್ನೂ ನುಂಗಿ, ಸಕ್ಕರೆ ತೀರಾ ಇಳಿದು ಬೀಳುತ್ತಿದ್ದ. “ಇನ್ನೊಂದು ಸಲ ಬಿದ್ದಿದ್ರ ಏಳತಿದ್ದಿಲ್ಲ” ಅಂದರು. ಇಷ್ಟು ವರ್ಷ ಓದಿದ್ದು ಒಂದು ಗೋಣಿಚೀಲದೆದುರು ಏನೂ ಅಲ್ಲ ಅನ್ನಿಸಿತು.

ದಾಖಲಾದವರ ಹಾಸಿಗೆಗೆ ಹೋಗಿ, ಮನೆಯಲ್ಲಿ ಏನೇನು ನುಂಗುತ್ತಿದ್ದರು ಎಂದು ಬರೆದು ತರುವುದು ನಮ್ಮ ಪಾಲಿನ ಕೆಲಸ. ಡಾಕ್ಟರು ಅದನ್ನು ನೋಡಿ ಮುಂದಿನ ಔಷಧ ಬರೆಯುತ್ತಿದ್ದರು. ತರಬೇತಿ ಮುಗಿಯಲು ಕೆಲವೇ ದಿನಗಳಿದ್ದಾಗ, ಒಂದು ಬೆಳಿಗ್ಗೆ ನನ್ನ ಪಟ್ಟಿಯಲ್ಲಿ ಅಕ್ಕೋರ ಹೆಸರಿತ್ತು. ಯಾರೋ ಅದೇ ಹೆಸರಿನವರು ಎಂದುಕೊಂಡು ಹೋದರೆ, ಹಾಸಿಗೆಯಲ್ಲಿ ಅವರೇ! ಮುಖ ಬಾತಿತ್ತು, ಏದುಸಿರು ಬಿಡುತ್ತಿದ್ದರು. ಯಾವಾಗಲೂ ನಿಂತೇ ಇರುತ್ತಿದ್ದವರು ಮಲಗಿದ್ದರು, ನಾನು ಹಾಳೆ ಹಿಡಿದು ನಿಂತಿದ್ದೆ.

“ನಿಂತೀಯಲ್ಲ, ಕೇಳು” ಅಂದರು.

“ಚೀಲ… ತೆಗಿರಿ ಅಕ್ಕೋರೆ.”

ವ್ಯಾನಿಟಿ ಬ್ಯಾಗನ್ನು ನನ್ನತ್ತ ತಳ್ಳಿದರು. ಒಳಗೆ ಬಸ್ ಪಾಸು, ಕನ್ನಡಕ, ಮತ್ತೆ ನೋವಿನ ಗುಳಿಗೆ. ಒಂದು ಸ್ಟ್ರಿಪ್ಪಲ್ಲ, ಎರಡಲ್ಲ, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು! ಮೊಣಕಾಲು ನೋವೆಂದು ಬಂದವರಿಗೆಲ್ಲ “ಇದನ್ನ ದಿನಾ ನುಂಗಿದ್ರ ಕಿಡ್ನಿ ಹೋಗತೈತಿ” ಎಂದು ಅವರು ಗದರುತ್ತಿದ್ದ ಗುಳಿಗೆಯೇ ಅದು.

“ಎಷ್ಟು ದಿನದಿಂದ್ರಿ?”

“ಮೊಣಕಾಲು ಹಿಡಕೊಂಡಾಗಿಂದ. ಭಾಳ ವರ್ಷ ಆದವು.”

“ನಿಮಗ ಗೊತ್ತಿತ್ತಲ್ರೀ!” ಎಂದು ಕೂಗಿಬಿಟ್ಟೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

“ಗೊತ್ತಿತ್ತು. ಇವತ್ತೊಂದು ದಿನ, ನಾಳೆ ಬಿಡೂಣು ಅಂತ ನುಂಗಿದೆ. ಗೊತ್ತಿದ್ದೋರನ್ನ ಯಾರೂ ಕೇಳಂಗಿಲ್ಲ ನೋಡು.”

ಬಯ್ದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ನಾಚಿಕೆಯೋ, ಅವರ ಮೇಲಿನ ಪ್ರೀತಿಯೋ, ಹಾಳೆಯಲ್ಲಿ ‘ನೋವಿನ ಗುಳಿಗೆ, ಆಗಾಗ’ ಎಂದು ಬರೆದೆ. ಅವರು ಹಾಳೆ ಕಸಿದು ಓದಿದರು. ನನ್ನ ಪೆನ್ನು ತೆಗೆದುಕೊಂಡು ‘ಆಗಾಗ’ ಹೊಡೆದುಹಾಕಿ ‘ದಿನಾ ಮೂರು’ ಎಂದು ಬರೆದರು.

“ಡಾಕ್ಟರ್ ಇದನ್ನ ನಂಬಿ ಔಷಧ ಬರೀತಾರ. ನನ್ನ ಮಾನ ಉಳಸಾಕ ಹೋಗಿ ನನ್ನ ಕೊಲ್ಲತೀಯೇನ?”

ಎರಡೂ ಕಿಡ್ನಿ ಹೋಗಿದ್ದವು. ಡಯಾಲಿಸಿಸ್ಸಿನಲ್ಲಿ ಕೆಲವು ತಿಂಗಳು ತಳ್ಳಿದರು. ತೀರಿಕೊಂಡ ಸುದ್ದಿ ಕೇಳಿ ಸತ್ಯನಾರಾಯಣಪೇಟೆಯ ಅವರ ಮನೆಗೆ ಓಡಿದೆ. ಹೊಸಿಲ ಬಳಿ ಆ ಚಪ್ಪಲಿ ಇನ್ನೂ ಇತ್ತು. ಅದನ್ನು ದಾಟಿ ಒಳಗೆ ಹೋಗಲು ನನಗೆ ಬಹಳ ಹೊತ್ತು ಬೇಕಾಯಿತು.

ಈಗ ನಾನು ಸಿರುಗುಪ್ಪದಲ್ಲಿ ಆಸ್ಪತ್ರೆಯ ಫಾರ್ಮಸಿಸ್ಟ್. ಕೌಂಟರಿನ ಸ್ಟೂಲಿನ ಮೇಲೆ ಡಬ್ಬ ಇಡಲು ಯಾರಿಗೂ ಬಿಡುವುದಿಲ್ಲ. ತರಬೇತಿಗೆ ಬಂದವರ ಮೊದಲ ದಿನ ನನ್ನ ಬ್ಯಾಗನ್ನೇ ಕೌಂಟರಿನ ಮೇಲೆ ಸುರಿಯುತ್ತೇನೆ. ಮೊನ್ನೆ ಬಂದ ಹುಡುಗಿ ಗಾಬರಿಯಾಗಿ ಹಿಂದೆ ಸರಿದಳು.

“ನಿಮ್ಮದೇನು ನೋಡೂದ್ರಿ ಮೇಡಂ? ನಿಮಗ ಎಲ್ಲಾ ಗೊತ್ತೈತಲ್ರಿ.”

ಅವಳ ಕೈಗೆ ಪೆನ್ನು ಕೊಟ್ಟೆ. “ಗೊತ್ತೈತಿ ಅಂತನ, ಮೊದಲು ನನ್ನ ಕೇಳು” ಅಂದೆ.